ಅರಗು ಬಳಿದ ಟೂಲ್ಸ್ ಪೆಟ್ಟಿಗೆ

ರಾಧಾಮಣಿ,

ಇಕ್ಕಳ ಹುಡುಕಬೇಡ. ಹಾಲಿನ ಪಾತ್ರೆ ಇಳಿಸಲು ಒಲೆ ಪಕ್ಕ ಬಟ್ಟೆ ಮಡಿಸಿಟ್ಟಿದೆ.

ನಿನ್ನ ಗಂಡ ಕೊನೆಗೂ ಮರದ ಟೂಲ್ಸ್ ಪೆಟ್ಟಿಗೆ ಮಾಡಿ ಮುಗಿಸಿಬಿಟ್ಟ. ಬಿಡದಿ ಫ್ಯಾಕ್ಟರಿಯಲ್ಲಿ ಎಲ್ಲರದ್ದೂ ತಗಡಿನ ಡಬ್ಬ, ತನ್ನದು ಮಾತ್ರ ಚನ್ನಪಟ್ಟಣದ ಬೊಂಬೆಯ ಹಾಗೆ ಹೊಳೆಯಬೇಕೆಂದು ಆ ಮಹಾಶಯನ ಆಸೆ. ಒಂದೊಂದು ಸ್ಪ್ಯಾನರಿಗೂ ಅಳತೆ ನೋಡಿ ಗೂಡು ಕೊರೆದ. ಕೆಂಪು ಅರಗು ಕರಗಿಸಿ ಅಂಚಿಗೆಲ್ಲ ಬಳಿದ.

"ಅರಗು ಆರೋಗಂಟ ಮುಚ್ಚಳ ಹಾಕ್ಬ್ಯಾಡಿ ಅಳಿಯಂದ್ರೆ" ಅಂತ ನಿಮ್ಮಪ್ಪ ಹೇಳಿದ್ದರು. ನಲವತ್ತು ವರ್ಷ ಬೊಂಬೆ ಕಡೆದವರಿಗೆ ಈ ಫಿಟ್ಟರ್ ಸಾಹೇಬ, "ನಂಗೊತ್ತು ಬುಡಿ ಮಾವ" ಅಂದ. ಬಿಸಿಯಲ್ಲೇ ಮುಚ್ಚಿದ. ಎಷ್ಟು ಚೆನ್ನಾಗಿ ಕೂತಿತೆಂದರೆ, ಈಗ ಅಲ್ಲಾಡುವುದೇ ಇಲ್ಲ. ಬಿಡಿಸಲು ಬೇಕಾದ ಉಳಿ, ಸ್ಕ್ರೂಡ್ರೈವರ್ ಎಲ್ಲ ಒಳಗೇ ಇವೆ.

ಬರಿಗೈಯಲ್ಲಿ ಕೆಲಸಕ್ಕೆ ಹೋಗಿದ್ದಾನೆ. ನಿಮ್ಮಪ್ಪನನ್ನು ಕರೆಸಿ ಬಿಡಿಸು. ಅವರು ನಗುವಷ್ಟು ನಕ್ಕು ಹೋಗಲಿ ಅಂತಲೇ ಸಂಜೆ ತಡವಾಗಿ ಬರುತ್ತಾನೆ.

ಮುಚ್ಚಳ ತೆರೆದರೆ ಎಲ್ಲಕ್ಕಿಂತ ನಾಜೂಕಾದ ಗೂಡಿನಲ್ಲಿ ನಿನ್ನ ಇಕ್ಕಳ ಮಲಗಿರುತ್ತದೆ. ಬೈಯಬೇಡ. ಇನ್ನು ಅಡುಗೆಮನೆ ಸಾಮಾನು ಮುಟ್ಟುವುದಿಲ್ಲ ಅಂತ ಹೋದ ವಾರ ನಿನ್ನ ತಲೆ ಮುಟ್ಟಿ ಆಣೆ ಇಟ್ಟನಲ್ಲ, ಆ ಗೂಡು ಕೊರೆದದ್ದು ಅದರ ಮಾರನೇ ದಿನ.

— ಅವನೇ