ಆಯಿಯ ಕೆನ್ನೆಯೊಳಗಿನ ಕಲೆ

ಕಾರವಾರ, ಗುರುವಾರ

ಪ್ರೀತಿಯ ಆಯಿ,

ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಬರೆದು, ತಮ್ಮ ಸುನಿಲನ ಕೈಲಿ ಅಂಕೋಲೆಯ ಬೊಬ್ರುವಾಡದ ಮನೆಗೆ ಕಳಿಸುತ್ತಿದ್ದೇನೆ.

ಅವತ್ತು ಪ್ರೇಕ್ಷಾಳ ಹುಳುಕು ಹಲ್ಲು ತೋರಿಸಲು ಹೋದಾಗ ಅವಳು ಹೆದರಿ ಬಾಯಿ ತೆರೆಯಲೇ ಇಲ್ಲ. "ನೋಡು ಮಗಾ, ಹೀಗೆ" ಅಂತ ನೀನೇ ಬಾಯಿ ಅಗಲಿಸಿ ತೋರಿಸಿದೆ. ಮೊಮ್ಮಗಳು ನಕ್ಕಳು. ಡಾಕ್ಟರು ನಗಲಿಲ್ಲ. "ಅಜ್ಜಿ, ನೀವೂ ಒಮ್ಮೆ ಕುಳಿತುಕೊಳ್ಳಿ" ಅಂದರು. "ನನ್ನ ಹಲ್ಲು ಗಟ್ಟಿ ಉಂಟು" ಅಂದವಳೇ ನೀನು ಅಂಕೋಲೆ ಬಸ್ಸು ಹತ್ತಿಬಿಟ್ಟೆ.

ಹಲ್ಲಿನ ಮಾತಲ್ಲ ಆಯಿ. ನಿನ್ನ ಕೆನ್ನೆಯೊಳಗೆ ಬಿಳಿ ಕಲೆ ಉಂಟಂತೆ. ದಿನಾ ಹಲ್ಲಿಗೆ ತಿಕ್ಕುವ ಮಶೇರಿಯ ತಂಬಾಕಿನಿಂದ ಬಂದಿರಬಹುದು, ಚೂರು ತೆಗೆದು ಪರೀಕ್ಷೆ ಮಾಡಬೇಕು, ತಡ ಮಾಡಬೇಡಿ ಅಂದರು. ನಿನಗೆ ಮೊದಲೇ ಗೊತ್ತಿತ್ತು ಅನಿಸುತ್ತದೆ. ಈಚೆಗೆ ನೀನು ಮೀನುಸಾರಿಗೆ ಮೆಣಸು ಹಾಕುವುದನ್ನೇ ಬಿಟ್ಟಿದ್ದೆ.

ನಾಳೆ ಬೆಳಿಗ್ಗೆ ಡಾಕ್ಟರು ಬರಹೇಳಿದ್ದಾರೆ. ನಾನು ರಜೆ ಹಾಕಿದ್ದೇನೆ, ಪಕ್ಕದಲ್ಲೇ ಇರುತ್ತೇನೆ. ಎರಡು ಸೀರೆ ಹಿಡಿದುಕೊಂಡು ಸುನಿಲನ ಬೈಕಿನಲ್ಲಿ ಇವತ್ತೇ ಬಾ. ಮಶೇರಿ ಡಬ್ಬಿ ತರಬೇಡ.

ನೀನು ಹೊರಡುವ ತನಕ ಜಗಲಿ ಬಿಟ್ಟು ಏಳಬೇಡ ಅಂತ ಅವನಿಗೆ ಹೇಳಿದ್ದೇನೆ. ಅವನಿಗೆ ಬೈಯಬೇಡ ಆಯಿ. ಅವನೂ ನಿನ್ನೆಯಿಂದ ಊಟ ಮಾಡಿಲ್ಲ.

ದಾರಿ ನೋಡುತ್ತಿರುವ ನಿನ್ನ ಮಗಳು,
ರಕ್ಷಿತಾ