ಪೋರೂರಿನಿಂದ ಬಂದ ಕಾಲ್

ಮಾರ್ಚ್ 4, ಮಂಗಳವಾರ

ಮಾರ್ನಿಂಗ್ ಶೋ ಮುಗಿಸಿ ಬಂದೆ. ಗಂಟಲು ಕೆರೆತ. ಕೋ-ಆರ್‌ಜೆ ಅಕ್ಷಯಾ ಜೊತೆ ಶೋ ಅಂದ್ರೆ ಅವಳ ನಗುವಿನ ಮೇಲೆ ಕೂಗಬೇಕು.

ನಮ್ಮ ಎಫ್‌ಎಂ ಸ್ಟೇಷನ್‌ಗೆ ಇಪ್ಪತ್ತು ವರ್ಷ. ಮುಂದಿನ ವಾರವೆಲ್ಲ ಅದೇ ಹಬ್ಬ. ಪ್ರೋಗ್ರಾಮಿಂಗ್ ಹೆಡ್ ದಿನೇಶ್‌ನ ಐಡಿಯಾ — ಮೊದಲ ದಿನದಿಂದ ಕೇಳುತ್ತಿರುವವರು ಲೈವ್ ಕಾಲ್ ಮಾಡಬೇಕು, ಮೊದಲ ಆರ್‌ಜೆ ಮಾಧವಿ ಬಗ್ಗೆ ನಾಲ್ಕು ಮಾತು ಹೇಳಬೇಕು. ಆ ಕಾಲದಲ್ಲಿ ಆಕೆಯ ಶೋಗೆ ಲೈನ್ ಸಿಗುತ್ತಲೇ ಇರಲಿಲ್ಲವಂತೆ. ಜನ ಚೆನ್ನೈನ ನುಂಗಂಬಾಕ್ಕಂ ಆಫೀಸಿನ ಗೇಟಿಗೇ ಬಂದು ಹಾಡು ಕೇಳುತ್ತಿದ್ದರಂತೆ.

ಮನೆಯಲ್ಲಿ ಅವ್ವನ ಮುಂದೆ ಗೊಣಗಿದೆ. "ಈಗ ಯಾರು ಕಾಲ್ ಮಾಡ್ತಾರವ್ವಾ? ಎಲ್ಲಾ ವಾಟ್ಸಾಪ್. ಲೈನ್ ಖಾಲಿ ಇದ್ರ ದಿನೇಶ್ ನನ್ನ ಮ್ಯಾಲೇ ಹಾರತಾನ."

ಅವ್ವ ರೊಟ್ಟಿ ತಟ್ಟುತ್ತಿದ್ದಳು. "ಮಾಧವಿ ಬಗ್ಗೇನ? ಅಕಿ ಮಾತು ಕೇಳಿ ಕೇಳೇ ನಾ ತಮಿಳ್ ಕಲ್ತಿದ್ದು."

ನಿಜ. ಅಪ್ಪನಿಗೆ ಗದಗಿನಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆದಾಗ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಅಪ್ಪ ಬ್ಯಾಂಕಿಗೆ, ನಾನು ಸ್ಕೂಲಿಗೆ. ಅವಳು, ರೇಡಿಯೋ.

ಮಾರ್ಚ್ 10, ಸೋಮವಾರ. ಬೆಳಗ್ಗೆ 10.30, ಕ್ಯಾಂಟೀನ್

ಈಗಲೇ ಬರೆದುಬಿಡಬೇಕು.

ಲೈನ್ ಖಾಲಿ. ದಿನೇಶ್ ಗಾಜಿನ ಆಚೆ ನಿಂತು ಕೈ ತಿರುಗಿಸುತ್ತಿದ್ದ — ಮಾತು ಎಳಿ, ಎಳಿ. ಆಗ ಒಂದು ಕಾಲ್. ಏರ್‌ಗೆ ತಗೊಂಡೆ.

"ವಣಕ್ಕಂ ಸಾರ್. ನಾನ್ ಪೋರೂರ್‌ಲಿಂದು ಪೇಸರೇನ್." ಪೋರೂರಿನಿಂದ ಮಾತಾಡ್ತಿದ್ದೀನಿ ಅಂತ.

ಅವ್ವ.

ಮೊದಲ ಅಕ್ಷರಕ್ಕೇ ಗೊತ್ತಾಯಿತು. ಅವಳಿಗೂ ಗೊತ್ತು ನಾನೇ ಅಂತ. ಆದರೂ ಸಾರ್ ಅಂದಳು. ಏರ್‌ನಲ್ಲಿ ನಾನು 'ಪಕ್ಕಾ ಚೆನ್ನೈ ಪೈಯನ್', ಅಪ್ಪಟ ಚೆನ್ನೈ ಹುಡುಗ ರಂಜನ್ ಅಲ್ವಾ... ಶಿವರಂಜನ್ ಸೋಮಲಿಂಗಪ್ಪ ಅನ್ನೋದು ಎಚ್‌ಆರ್‌ಗೆ ಮಾತ್ರ ಗೊತ್ತು. ಕನ್ನಡ ಬರೆಯೋದೂ ಈ ಡೈರಿಯಲ್ಲಿ ಮಾತ್ರ.

ಮಾಧವಿ ಬಗ್ಗೆ ಶುರು ಮಾಡಿದಳು. ಮಧ್ಯಾಹ್ನ ಹಾಕುತ್ತಿದ್ದ ಹಳೆಯ ಹಾಡುಗಳ ಬಗ್ಗೆ. ತಮಿಳಿನಲ್ಲಿ 'ಪಳೈಯ ಪಾಟ್ಟು' ಅನ್ನಬೇಕು. ಅವಳ ಬಾಯಲ್ಲಿ ಬಂದದ್ದು 'ಹಳೆಯ ಪಾಟ್ಟು'.

ಅಕ್ಷಯಾ ಕಿಸಕ್ ಅಂದಳು. ನನ್ನ ಕಡೆ ನೋಡಿದಳು. ಅಷ್ಟೇ. ಹೇಳಿದ್ದು ನಾನು.

"'ಪ' ಎಲ್ಲಾ 'ಹ' ಆಯಿಡುಚ್ಚೇ! ಅಪ್ಪೋ ನೀಂಗ ಪಾಟ್ಟಿ ಇಲ್ಲೆ... ಹಾಟ್ಟಿ!"

'ಪ' ಎಲ್ಲಾ 'ಹ' ಆಗಿಬಿಡ್ತಲ್ಲ, ಹಾಗಾದ್ರೆ ನೀವು ಪಾಟ್ಟಿ ಅಲ್ಲ, ಹಾಟ್ಟಿ ಅಂತ. ಪಾಟ್ಟಿ ಅಂದ್ರೆ ಅಜ್ಜಿ. ಹಾಟ್ಟಿ ಅಂದ್ರೆ ಏನೂ ಅಲ್ಲ.

ಅಕ್ಷಯಾ ಟೇಬಲ್ ಬಡಿದು ನಕ್ಕಳು. ನಾನು ನಗುವಿನ ಎಫೆಕ್ಟ್ ಬಟನ್ ಒತ್ತಿದೆ. ಆ ಕಡೆಯಿಂದ ಅವ್ವನೂ ನಕ್ಕಳು, ಸಣ್ಣಗೆ. "ಆಮಾ ಸಾರ್," ಅಂದಳು, ಹೌದು ಸಾರ್ ಅಂತ. ಮಾಧವಿ ಬಗ್ಗೆ ಏನೋ ಹೇಳೋದಿತ್ತು. ನಾನು ಹಾಡು ಹಾಕಿಬಿಟ್ಟೆ.

ಯಾಕೆ? ಇನ್ನೊಂದು ನಿಮಿಷ ಮಾತಾಡಿದ್ದರೆ ಅವಳು ಎಲ್ಲಿ ನನ್ನ ಹೆಸರು ಹೇಳಿಬಿಡ್ತಾಳೋ ಅಂತ.

ಅದೇ ದಿನ, ರಾತ್ರಿ

ಮನೆಗೆ ಹೋಗಲು ಹೆದರಿಕೆ. ಸಂಜೆವರೆಗೂ ಆಫೀಸಿನಲ್ಲೇ ಕೂತಿದ್ದೆ.

ಅವ್ವ ಬಾಗಿಲು ತೆಗೆದಳು. "ಭಾಳ ತಡಾ ಆತಲ್ಲೋ." ಬದನೇಕಾಯಿ ಎಣಗಾಯಿ ಮಾಡಿದ್ದಳು. ಬಡಿಸಿದಳು. ಕಾಲ್ ಮಾತೇ ಇಲ್ಲ. ನಾನೂ ಎತ್ತಲಿಲ್ಲ. ಎರಡು ರೊಟ್ಟಿ ತಿಂದೆ. ಎಣಗಾಯಿ ರುಚಿಯಾಗಿತ್ತು — ಅದೇ ನಾಚಿಕೆ.

ಮಾರ್ಚ್ 12, ಬುಧವಾರ

ಆ ಕಾಲ್‌ನ ಕ್ಲಿಪ್ ಓಡುತ್ತಿದೆ. ಇನ್‌ಸ್ಟಾದಲ್ಲಿ ಕಾಲೇಜು ಹುಡುಗರು ಸೀರೆ ಸೆರಗು ಹೊದ್ದು "ವಣಕ್ಕಂ ಸಾರ್" ಅಂತಿದ್ದಾರೆ. ದಿನೇಶ್ ಅದನ್ನೇ ಪ್ರೊಮೋ ಮಾಡಿಸಿದ. ಗಂಟೆಗೊಮ್ಮೆ ನನ್ನ ಅವ್ವನ ದನಿ, ಆಮೇಲೆ ನನ್ನ ಜೋಕು, ಆಮೇಲೆ ಸ್ಟೇಷನ್ ಹೆಸರು.

ಮನೆಯಲ್ಲಿ ರೇಡಿಯೋ ಆಫ್. ಕೇಳಿದ್ದಕ್ಕೆ — "ತಲಿ ನೋವು."

ಮಾರ್ಚ್ 13, ಗುರುವಾರ

ದಿನೇಶ್ ಕ್ಯಾಬಿನ್‌ಗೆ ಹೋದೆ. ಆ ಪ್ರೊಮೋ ನಿಲ್ಲಿಸೋಣ, ಪಾಪ ವಯಸ್ಸಾದವರು, ಬೇಜಾರಾಗಬಹುದು ಅಂದೆ.

"ಹೌದಾ? ಹಾಗಾದ್ರೆ ಸ್ಟುಡಿಯೋಗೇ ಕರೆಸೋಣ. ನಂಬರ್ ಸಿಸ್ಟಮ್‌ನಲ್ಲಿದೆ." ಫೋನ್ ಎತ್ತಿಕೊಂಡ.

"ಬೇಡ ದಿನೇಶ್. ಅವರು ನಮ್ಮಮ್ಮ."

ಫೋನ್ ಕೆಳಗಿಟ್ಟ. ಈಗ ಬಯ್ಯುತ್ತಾನೆ, ಬಯ್ಯಲಿ ಅಂತ ಕಾದೆ. ನಿಜವಾಗಿ ಆಸೆಯಿಂದ ಕಾದೆ.

"ಮಚ್ಚಾ!" ಎದ್ದು ನನ್ನ ಭುಜ ಹಿಡಿದ. "ಮಗ ಸ್ವಂತ ಅಮ್ಮನ್ನೇ ಗುರುತು ಹಿಡೀಲಿಲ್ಲ! ಇದಕ್ಕಿಂತ ಕಂಟೆಂಟ್ ಬೇಕಾ? ಶನಿವಾರ ಲೈವ್."

ಗುರುತು ಹಿಡಿದಿದ್ದೆ ಅಂತ ಹೇಳಬೇಕಿತ್ತು. ಬಾಯಿ ಮಾರಿ ಬದುಕುವವನು. "ಎಷ್ಟು ಗಂಟೆಗೆ?" ಅಂದೆ.

ಮಾರ್ಚ್ 14, ಶುಕ್ರವಾರ

ಅವ್ವನಿಗೆ ಹೇಳಿದೆ. ಬೇಡ ಅನ್ನಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ನಿನ್ನ ಕೆಲಸಕ್ಕ ಛಲೋ ಆಗತೈತೇನು?"

"...ಹೂಂ."

"ಹಂಗಾರ ಬರ್ತೀನಿ."

ಮಾರ್ಚ್ 15, ಶನಿವಾರ

ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಬಂದಳು. ಕೇಕ್. ಫೋಟೋ. ಎಲ್ಲರೂ "ಹಾಟ್ಟಿ, ಹಾಟ್ಟಿ" ಅಂತ ಸೆಲ್ಫಿ. ಹೆಡ್‌ಫೋನ್ ಅವಳ ತಲೆಗೆ ದೊಡ್ಡದಾಯಿತು, ಒಂದು ಕೈಯಲ್ಲಿ ಹಿಡಿದೇ ಕೂತಳು.

ಅಕ್ಷಯಾ ಕೇಳಿದಳು — "ಅಮ್ಮಾ, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಧ್ವನಿ ಗುರುತು ಹಿಡೀಲಿಲ್ಲವಲ್ಲ, ಬೇಜಾರಾಗಲಿಲ್ವಾ?"

ಅವ್ವ ನನ್ನ ಕಡೆ ನೋಡಲಿಲ್ಲ. ಮೈಕ್ ನೋಡುತ್ತಾ ತಮಿಳಿನಲ್ಲಿ ಹೇಳಿದಳು. 'ಪ' ಬರುವ ಕಡೆಯೆಲ್ಲಾ ನಿಂತು, ತುಟಿ ಕೂಡಿಸಿ, ನಿಧಾನವಾಗಿ.

"ಅವನದು ತಪ್ಪಿಲ್ಲ. ಫೋನ್‌ನಲ್ಲಿ ನನ್ನ ದನಿ ಬೇರೆ ಥರ ಕೇಳತ್ತೆ. ಗೊತ್ತಾಗಿದ್ರೆ ಹಾಗೆ ಅಂತಿದ್ನಾ? ನನ್ನ ಮಗ ಅಂಥವನಲ್ಲ."

ಎಲ್ಲರೂ ಚಪ್ಪಾಳೆ. ಅಕ್ಷಯಾ ಕಣ್ಣೊರೆಸಿಕೊಂಡಳು. ನಾನು "ಲವ್ ಯೂ ಅಮ್ಮಾ" ಅಂದೆ, ತಮಿಳು ದನಿಯಲ್ಲೇ, ಮತ್ತೆ ಬ್ರೇಕ್‌ಗೆ ಹೋದೆ.

ಆಟೋದಲ್ಲಿ ವಡಪಳನಿ ದಾಟಿದ ಮೇಲೆ ಹೇಳಿದೆ. "ಅವ್ವಾ, ನನಗ ಗೊತ್ತಾಗಿತ್ತು."

"ಗೊತ್ತು."

"ಮತ್ತ ಯಾಕ ಹಂಗ ಹೇಳಿದಿ?"

"ನಾಕ ಮಂದಿ ಮುಂದ ನಿನ್ನ ಮಾನ ತಗೀಲೇನು?"

ಸಿಗ್ನಲ್‌ನಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಕೆ ಅಂದಳು. ಸೆಕೆ ಇತ್ತು ನಿಜ.

ಮಾರ್ಚ್ 24, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯೋಕೆ ಏನಿದೆ? ಪ್ರೊಮೋ ನಿಂತಿದೆ. ಇಪ್ಪತ್ತು ವರ್ಷದ ಬ್ಯಾನರ್ ಇಳಿಸಿದರು. ದಿನೇಶ್ ಸಂಬಳ ಏರಿಸ್ತೀನಿ ಅಂದಿದ್ದಾನೆ.

ಬೆಳಗ್ಗೆ ರಜೆ ಹಾಕಿ ಮನೆಯಲ್ಲಿದ್ದೆ. ತರಕಾರಿ ಗಾಡಿ ಬಂತು. ಅವ್ವನ ಜೊತೆ ಗೇಟಿಗೆ ಹೋದೆ, ಚೀಲ ಹಿಡಿಯೋಕೆ. ಆ ಗಾಡಿಯವನ ಜೊತೆ ಅವಳದು ದಿನಾ ಜಗಳ — ಬೆಂಡೆ ಬಲಿತಿದೆ, ತೂಕ ಕಮ್ಮಿ. ಅರ್ಧ ತಮಿಳು, ಅರ್ಧ ಗದಗ. ಬೀದಿ ತುದಿವರೆಗೂ ಕೇಳುತ್ತಿತ್ತು.

ಇವತ್ತು ಮಾತಿಲ್ಲ. ಬದನೇಕಾಯಿ ಕಡೆ ಬೆರಳು ತೋರಿಸಿದಳು. ಟೊಮೇಟೊ ಕಡೆ ತೋರಿಸಿದಳು. ಸಾಕು ಅಂತ ಕೈ ಅಡ್ಡ ಹಿಡಿದಳು.

"ಎನ್ನಮ್ಮಾ, ತೊಂಡೈ ಕಟ್ಟಿಕ್ಕಿಚ್ಚಾ?" ಅಂದ ಅವನು. ಗಂಟಲು ಕಟ್ಟಿದೆಯಾ ಅಂತ. "ಒಂದು ವಾರ ಆಯ್ತಲ್ಲ, ಡಾಕ್ಟರ್‌ಗೆ ತೋರಿಸಿ."

ಅವ್ವ ಹೂಂ ಅಂತ ತಲೆ ಆಡಿಸಿದಳು. ಕುತ್ತಿಗೆ ಮೇಲೆ ಕೈಯಿಟ್ಟುಕೊಂಡು, ನಿಜವಾಗಲೂ ನೋವಿದ್ದವರ ಹಾಗೆ.

ಅವನು ನನ್ನ ಕಡೆ ತಿರುಗಿದ. ಏನಾಯ್ತು ಸಾರ್ ಅಮ್ಮನಿಗೆ, ಅಂದ.

ಗಂಟಲು ಕಟ್ಟಿದೆ ಅಂದೆ ನಾನು, ಪಕ್ಕಾ ಚೆನ್ನೈ ತಮಿಳಿನಲ್ಲಿ.