ವಾಲಿ ನಿಂತ ಜೀಪು

ಅಬ್ಬಾ,

ರಿಮೋಟ್ ಜೀಪಿನ ಬಲಗಡೆ ಸ್ಪ್ರಿಂಗ್ ಬಿಗಿ ಮಾಡಿದ್ದೀನಿ. ಸುಮ್ಮನೆ ನಿಂತಾಗ ಎಡಕ್ಕೆ ವಾಲಿರುತ್ತೆ, ಇರಲಿ ಬಿಡಿ. ನೀವು ಗೋಡೆಗೆ ಇಟ್ಟ ಹಾಗೆ ಅದಕ್ಕೂ ರಸಮಟ್ಟ ಇಟ್ಟು, "ಈಗ ಮಟ್ಟಸ ಐತೆ ನೋಡಮ್ಮ" ಅಂದಾಗಲೆಲ್ಲ ಅದು ಬಂಡೆಯಿಂದ ಬಿದ್ದಿದೆ. ಮೋಟಾರು ಒಳಗಿನ ರಾಡನ್ನು ತಿರುಗಿಸಿದ ಕೂಡಲೇ ಇಡೀ ಬಾಡಿ ಬಲಕ್ಕೆ ತಿರುಚಿಕೊಳ್ಳುತ್ತೆ, ಎಡಗಾಲಿ ಮೇಲೇಳುತ್ತೆ. ಈಗ ಮೊದಲೇ ಎಡಕ್ಕೆ ವಾಲಿರೋದರಿಂದ ಹತ್ತುವಾಗ ನೆಟ್ಟಗಾಗುತ್ತೆ.

ಸಂಜೆ ಬಂಡೆ ಹತ್ತಿಸುವ ಪಂದ್ಯಕ್ಕೆ ಹಾಗೇ ತನ್ನಿ. ಇವತ್ತು ಶುಕ್ರವಾರ, ನಿಮಗೆ ಗಾರೆ ಕೆಲಸ ಇಲ್ಲ. ರಸಮಟ್ಟ ನನ್ನ ಬ್ಯಾಗಲ್ಲಿ ಹಾಕ್ಕೊಂಡು ಹೋಗಿದ್ದೀನಿ, ಹುಡುಕಬೇಡಿ.

ಬೆಳಗಿನ ಜಾವದ ಕನಸಲ್ಲಿ ಜೀಪು ಚಂದ್ರವಳ್ಳಿಯ ಬಂಡೆ ಹತ್ತಿ ಮೋಡದೊಳಗೆ ಹೋಗ್ತಿತ್ತು. ಅದರ ಹಿಂದೆಯೇ ನೀವು. ಇಟ್ಟಿಗೆ ಹೊತ್ತು ತಗ್ಗಿದ ಅದೇ ಎಡಭುಜ, ಅದೇ ವಾಲಿದ ನಡಿಗೆ. ಎಷ್ಟು ಓಡಿದರೂ ನನಗೆ ನಿಮ್ಮನ್ನು ಮುಟ್ಟಲಾಗಲಿಲ್ಲ.

ಸಿಮ್ರಾನ್